ಸೊಪ್ಪು ಕೊಯ್ಯುವ ಅಂಗಿ

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುವ ಹೆಂಗಸರು ಗಂಡಸರ ಹಳೆಯ ತುಂಬುತೋಳಿನ ಅಂಗಿಯನ್ನು ಮೇಲೆ ತೊಟ್ಟುಕೊಳ್ಳುತ್ತಾರೆ. ಪಿಯುಸಿ ಓದುತ್ತಿದ್ದ ನನ್ನ ಮಗಳು ಆ ಬೇಸಿಗೆಯಲ್ಲಿ ತೋಟದಿಂದ ಮನೆಗೆ ಬಂದ ಮೇಲೂ ಅವಳಪ್ಪನ ಅಂಗಿ ಬಿಚ್ಚುತ್ತಿರಲಿಲ್ಲ. ಕೆಲಸಕ್ಕೆ ಒಗ್ಗಿಕೊಂಡಳು ಎಂದು ನಾನು ಹಿಗ್ಗಿದ್ದೆ.

ಆದರೆ ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟ ಮೇಲೆ ಸೊಪ್ಪು ಕೊಯ್ಯುವ ಕೆಲಸವೇ ಇರುವುದಿಲ್ಲ. ಹಾಗೆ ಬಿಟ್ಟ ಮರುದಿನವೂ ಅವಳು ಅದೇ ಅಂಗಿಯಲ್ಲಿದ್ದಳು. ಪಾತ್ರೆ ತೊಳೆಯುವಾಗಲೂ ತೋಳು ಮಡಿಚಲಿಲ್ಲ. ಪಕ್ಕದಲ್ಲಿಟ್ಟ ಅವಳ ಫೋನ್ ಗುಂಯ್ ಎಂದಾಗಲೆಲ್ಲ ಒದ್ದೆ ಕೈಯಲ್ಲೇ ಎತ್ತಿಕೊಂಡು ಉತ್ತರ ಕಳಿಸುತ್ತಿದ್ದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಅಂಗಿಯ ತೋಳು ಸರಿಸಿದೆ. ಮೊಣಕೈ ಕೆಳಗೆ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು.

"ಯಾರೇ ಅವನು?" ಎಂದು ಕಿರುಚಿದೆ.

"ಕೂಗ್ಬೇಡಮ್ಮ. ನಮ್ಮ ಕ್ಲಾಸೋನೇ, ಟ್ಯೂಷನ್‌ಗೂ ಬರ್ತಾನೆ. ಬೇಗ ರಿಪ್ಲೈ ಮಾಡ್ಲಿಲ್ಲ ಅಂದ್ರೆ ಮಾತ್ರ ಕೋಪ ಬರುತ್ತೆ. ಆಮೇಲೆ ಅವನೇ ಅಳ್ತಾನೆ."

ಅವನ ಮನೆಗೇ ನುಗ್ಗಬೇಕು ಅನ್ನಿಸಿತು. ಅಷ್ಟರಲ್ಲಿ ಫೋನ್ ಮತ್ತೆ ಗುಂಯ್ ಎಂದಿತು. ಅವಳ ಕೈ ಅತ್ತ ಹೋಗಿ, ನನ್ನ ಮುಖ ನೋಡಿ ನಿಂತಿತು.

"ಅಪ್ಪಂಗೆ ಹೇಳಿ ಕಾಲೇಜು ಬಿಡಿಸ್ತೀಯಾ?"

ಅವನಿಗಿಂತ ಹೆಚ್ಚಾಗಿ ಅವಳು ನಮಗೆ ಹೆದರಿದ್ದಳು.

"ಕೈ ಮಾಡಿದೋನು ಅವನು. ನಿನ್ನ ಕಾಲೇಜು ಯಾಕಮ್ಮ ಬಿಡಿಸ್ಲಿ?"

ಅವಳು ಫೋನನ್ನು ಬೋರಲು ಹಾಕಿದಳು. ಆಮೇಲೆ ಇನ್ನೊಂದು ತೋಳನ್ನು ತಾನೇ ಮೇಲಕ್ಕೆ ಸರಿಸಿದಳು.