ಗುರಿಗೆ ಅಡ್ಡ ನಿಂತ ಪರದೆಯೂ ತೋಮೊಎ ಉರಾಕಾವಾ ಅವರೂ

ಇದು ತಗ್ಗಿದ ದನಿಯಲ್ಲಿ ಹೇಳುವ ಸುದ್ದಿಯಲ್ಲ: ದ್ವೀಪವೊಂದರ ಪ್ರಾಥಮಿಕ ಶಾಲೆಯ ಐದನೇ ತರಗತಿಯಲ್ಲಿ, ಫೆಬ್ರವರಿಯ ಒಂದು ಗುರುವಾರ ಬೆಳಗ್ಗೆ ಆರು ಮುಕ್ಕಾಲಿಗೆ, ಗಾಲಿಗಳ ಮೇಲೆ ನಿಂತ ದೊಡ್ಡ ಟಿವಿ ಪರದೆಯೊಂದು ಕಪ್ಪು ಹಲಗೆಯ ಎಡತುದಿಯಿಂದ ಬಲತುದಿಗೆ ಸರಿಯುತ್ತಿದೆ. ಸರಿಸುತ್ತಿರುವವರು ಅರವತ್ತೊಂದರ ತೋಮೊಎ ಉರಾಕಾವಾ. ಮೊಣಕಾಲೂರಿ, ಗಾಲಿ ನಿಲ್ಲಬೇಕಾದ ಜಾಗಕ್ಕೆ ಹಳದಿ ಟೇಪು ಅಂಟಿಸುತ್ತಾರೆ. ಕಡಲ ಮೇಲೆ ಬೆಳಕು ಇನ್ನೂ ಸರಿಯಾಗಿ ಒಡೆದಿಲ್ಲ.

ಎಡತುದಿಯೆಂದರೆ ಪ್ರತಿ ಪಾಠಕ್ಕೂ ಮೊದಲು ಮೇಷ್ಟ್ರು ಆ ದಿನದ ಗುರಿಯನ್ನು ಬರೆದು ಚೌಕ ಹಾಕುವ ಜಾಗ. ಪ್ಲಗ್ಗು ಆ ಬದಿಯ ಕಿಟಕಿ ಪಕ್ಕ ಇತ್ತೆಂದು, ಎರಡು ವರ್ಷದ ಹಿಂದೆ ಬಂದ ಪರದೆಯೂ ಅಲ್ಲೇ ನಿಂತಿತು. ಮೇಷ್ಟ್ರುಗಳು ಗುರಿಯನ್ನು ಪರದೆಯ ಮೇಲೇ ತೋರಿಸತೊಡಗಿದರು. ಮುಂದಿನ ಚಿತ್ರ ಬಂದೊಡನೆ ಗುರಿ ಮಾಯ. ಹಲಗೆಯ ಮೇಲೆ ಸೀಮೆಸುಣ್ಣದ ಒಂದು ಗೀರು ಉಳಿದರೂ ಸಹಿಸದ ಈ ಜನ, ಎರಡು ವರ್ಷ ಇದನ್ನು ಗಮನಿಸಲೇ ಇಲ್ಲ.

ಉರಾಕಾವಾ ಗಮನಿಸಿದರು. ಇಪ್ಪತ್ತೇಳು ವರ್ಷ ಜೆರಾಕ್ಸ್ ಯಂತ್ರ ರಿಪೇರಿ ಮಾಡಿದವರು. ಈಗ ಶಾಲೆಗಳ ಟ್ಯಾಬ್, ಪರದೆಗಳನ್ನು ನೋಡಿಕೊಳ್ಳುವ ಕೆಲಸ: ವಾರಕ್ಕೆ ಮೂರು ದಿನ, ನಾಲ್ಕು ಶಾಲೆ, ಎರಡು ದೋಣಿ, ಮುನ್ನೂರ ಹನ್ನೆರಡು ಟ್ಯಾಬ್‌ಗಳು. “ಯಂತ್ರ ಕೆಟ್ರೆ ರಿಪೇರಿ ಮಾಡ್ಬೋದು. ಕೆಡದೇನೇ ದಾರಿಗಡ್ಡ ನಿಂತ್ರೆ? ಜರುಗಿಸ್ಬೇಕು, ಅಷ್ಟೆ.”

ಮೇಷ್ಟ್ರುಗಳು ಹೊಸ ಆ್ಯಪ್ ಕೇಳಿಕೊಂಡು ಬಂದರೆ ಉರಾಕಾವಾ ಅವರದು ಒಂದೇ ಪ್ರಶ್ನೆ: “ಪಾಠ ಮುಗಿಯೋ ಹೊತ್ಗೆ ಮಕ್ಳಿಗೆ ಏನ್ ಬರ್ಬೇಕು?” ಉತ್ತರ ಕೇಳಿದ ಮೇಲೆ ಅರ್ಧಕ್ಕರ್ಧ ಸಲ ಹೇಳುವುದು, “ಹಾಗಾದ್ರೆ ಟ್ಯಾಬ್ ಮುಚ್ಚಿಡಿ.”

ತೊಂದರೆ ಇರುವುದೇ ಇಲ್ಲಿ. ಪಟ್ಟಣದ ಶಿಕ್ಷಣ ಕಚೇರಿ ಎಣಿಸುವುದು ಟ್ಯಾಬ್ ತೆರೆದಿದ್ದ ನಿಮಿಷಗಳನ್ನು. ಈ ವರ್ಷ ಅವು ಕಾಲುಭಾಗ ಇಳಿದಿವೆ. ಉರಾಕಾವಾ ಅವರ ಒಪ್ಪಂದ ಮಾರ್ಚ್‌ಗೆ ಮುಗಿಯುತ್ತದೆ. ಮುಂದುವರಿಸಬೇಕೇ ಎಂದು ಬರೆಯಬೇಕಾದ ಹಿರಾಸೆ ಎಂಬ ಅಧಿಕಾರಿ ಇಂದಿನ ಗಣಿತ ಪಾಠ ನೋಡಲು ಬರುತ್ತಿದ್ದಾರೆ. ಶಾಲೆಯ ಎಲ್ಲ ಮೇಷ್ಟ್ರುಗಳೂ ಗೋಡೆಗೊರಗಿ ನಿಂತು ಒಬ್ಬರ ಪಾಠ ನೋಡುವ ದಿನವಿದು.

ಪಾಠ ಮಾಡಬೇಕಾದ ತರುಣ ಕುಗಿಮಿಯಾ ಮೇಷ್ಟ್ರ ಮುಖ ಬಾಡಿದೆ. “ಇಪ್ಪತ್ತೈದು ನಿಮಿಷ ಟ್ಯಾಬ್ ಮುಚ್ಚಿಸಿದ್ರೆ ಅವ್ರು ಏನ್ ಬರೀತಾರೋ. ಹೋಗೋದು ನಿಮ್ಮ ಕೆಲ್ಸ ಅಲ್ವಾ?”

“ನಂದೇ ಅಲ್ವಾ ಹೋಗೋದು? ನೀವ್ಯಾಕೆ ಬೆವರ್ತೀರಿ ಮೇಷ್ಟ್ರೇ?”

ಮಕ್ಕಳು ಬರುತ್ತಾರೆ. “ಟೇಪಜ್ಜಿ, ಪರದೆ ಓಡ್ಹೋಗಿದೆ!” ಎಂದು ಒಬ್ಬಳು ಕೂಗುತ್ತಾಳೆ. “ಅಜ್ಜಿ ಅನ್ಬೇಡ. ಬರೀ ಟೇಪು ಅನ್ನು, ಸಾಕು,” ಎಂದು ಉರಾಕಾವಾ ಹಿಂದಿನ ಮೂಲೆಗೆ ಹೋಗಿ ಕೂರುತ್ತಾರೆ.

ಹಲಗೆಯ ಎಡತುದಿಯಲ್ಲಿ ಸೀಮೆಸುಣ್ಣದ ಗುರಿ ಬೀಳುತ್ತದೆ: ಛೇದ ಬೇರೆಯಾದ ಭಿನ್ನರಾಶಿಗಳನ್ನು ಕೂಡುವುದು ಹೇಗೆಂದು ನನ್ನದೇ ಮಾತಿನಲ್ಲಿ ಹೇಳಬಲ್ಲೆ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿ ಎಂದರೆ, ರೈತಾ ಎಂಬ ಹುಡುಗ ಎದೆಯುಬ್ಬಿಸಿ “ಐದನೇ ಎರಡು” ಎನ್ನುತ್ತಾನೆ.

“ಅದು ಅರ್ಧಕ್ಕಿಂತ ಕಮ್ಮಿ ಆಯ್ತಲ್ಲೋ,” ಪಕ್ಕದವಳು ಕೆಣಕುತ್ತಾಳೆ. “ಕೂಡಿದ್ಯೋ, ತಿಂದ್ಯೋ?”

ನಗು. ಟ್ಯಾಬ್‌ಗಳು ಮುಚ್ಚಿಯೇ ಇವೆ. ಇಪ್ಪತ್ಮೂರು ಮಕ್ಕಳು ಕಾಗದದ ಪಟ್ಟಿ ಮಡಿಸುತ್ತಾರೆ, ಬಿಚ್ಚುತ್ತಾರೆ, ತಲೆಯೆತ್ತಿ ಗುರಿ ಓದಿ ಮತ್ತೆ ಮಡಿಸುತ್ತಾರೆ. ಹಿರಾಸೆ ಎರಡು ಸಲ ಗಡಿಯಾರ ನೋಡುತ್ತಾರೆ. ಇಪ್ಪತ್ತಾರನೇ ನಿಮಿಷಕ್ಕೆ ಟ್ಯಾಬ್‌ಗಳು ತೆರೆಯುತ್ತವೆ. ಮಡಿಸಿದ ಪಟ್ಟಿಯ ಚಿತ್ರ ತೆಗೆಯಲು ಮಾತ್ರ. ಬಲಬದಿಯ ಪರದೆಯಲ್ಲಿ ಇಪ್ಪತ್ಮೂರು ಯೋಚನೆಗಳು ಒಟ್ಟಿಗೆ ಮೂಡುತ್ತವೆ. ಒಂದೂ ಇನ್ನೊಂದರಂತಿಲ್ಲ. ಗೋಡೆಗೊರಗಿದ್ದ ಮೇಷ್ಟ್ರುಗಳು ತಮಗರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬರುತ್ತಾರೆ. ರೈತಾ ಎದ್ದು ನಿಂತು, “ತುಂಡು ಒಂದೇ ಅಳತೆ ಆಗೋ ತನಕ ಎಣಿಸ್ಬಾರ್ದು. ಆರನೇ ಐದು,” ಎನ್ನುತ್ತಾನೆ. ಯಾರೂ ನಗುವುದಿಲ್ಲ.

ಗಂಟೆಯಾದ ಮೇಲೂ ಹಿರಾಸೆ ಪರದೆಯ ಮುಂದೆ ನಿಂತೇ ಇದ್ದಾರೆ. “ತೆರೆದಿದ್ದು ಎಷ್ಟು ನಿಮಿಷ?”

“ಎಂಟು.”

“ಎಂಟೇ?” ಅವರು ಬರೆದುಕೊಳ್ಳುತ್ತಾರೆ. “ನನ್ನ ನಮೂನೇಲಿ ಇದಕ್ಕೆ ಜಾಗ ಇಲ್ಲ, ಉರಾಕಾವಾ ಅವ್ರೇ.”

“ಹಾಳೆ ಹಿಂಬದಿ ಖಾಲಿ ಇರುತ್ತಲ್ಲ,” ಎನ್ನುತ್ತಾರೆ ಇವರು.

ಮಾರ್ಚ್ ಹತ್ತರಂದು ಕಚೇರಿಯಿಂದ ಪತ್ರ ಬಂದಿದೆ. ಒಪ್ಪಂದ ಇನ್ನೊಂದು ವರ್ಷ ಮುಂದುವರಿಯುತ್ತದೆ. ವಾರಕ್ಕೆ ಮೂರು ದಿನ.