ಟವರ್ ಕತ್ತರಿಸಿದ ಮಿಸ್ತ್ರಿ

ಹೋದ ವಾರ ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಒಂದು ಅಂಗಡಿಯ ಶಟರ್‌ಗೆ ವೆಲ್ಡಿಂಗ್ ನಡೆದಿತ್ತು. ಕಿಡಿ ಅಂಗಿಗೆ ಸಿಡಿದೀತೆಂದು ಎಂದಿನಂತೆ ರಸ್ತೆಯ ಆಚೆ ಬದಿಗೆ ಹೋದೆ. ಆದರೂ ಸುಟ್ಟ ಕಬ್ಬಿಣದ ವಾಸನೆ ಬೆನ್ನು ಬಿಡಲಿಲ್ಲ. ಕಮಲಾಪುರದ ವೆಲ್ಡಿಂಗ್ ಮಿಸ್ತ್ರಿ ನೆನಪಾದರು...

ಆಗ ನಾನು ಕಲಬುರಗಿಯ ಒಬ್ಬ ಗುತ್ತೇದಾರರ ಬಳಿ ಗುಮಾಸ್ತ. ಕಮಲಾಪುರದ ಹತ್ತಿರದ ಒಂದು ಕೆರೆಯಲ್ಲಿ ದೋಣಿ ವಿಹಾರ ನಡೆಸುವ ಗುತ್ತಿಗೆ ಅವರದು. ಇದ್ದ ಸಣ್ಣ ದೋಣಿಯ ಮೇಲೆ ಕಬ್ಬಿಣದ ಟವರ್ ನಿಲ್ಲಿಸಬೇಕು, ಜನ ಅದನ್ನೇರಿ ಸೆಲ್ಫಿ ತೆಗೆಯಬೇಕು ಎಂಬುದು ಅವರ ಹೊಸ ಹುಕಿ. ಮಿಸ್ತ್ರಿಗೆ ಕೆಲಸ ಒಪ್ಪಿಸಿದೆವು. ಊರಿನ ಮಾಳಿಗೆಗಳ ಮೇಲಿನ ನೀರಿನ ಟಾಕಿಗಳಿಗೆ ಸ್ಟ್ಯಾಂಡ್ ಮಾಡಿಕೊಡುತ್ತಿದ್ದವರು ಅವರೇ. ತುಂಬಿದ ಟಾಕಿಯಷ್ಟು ಭಾರದ ತೊಗರಿ ಚೀಲಗಳನ್ನು ಮೇಲೇರಿಸಿ, ಒಂದು ದಿನ ಬಿಟ್ಟು ನೋಡದೆ ಅವರು ಯಾವ ಸ್ಟ್ಯಾಂಡನ್ನೂ ಒಪ್ಪಿಸುತ್ತಿರಲಿಲ್ಲ.

ಟವರನ್ನೂ ಹಾಗೆಯೇ ಪರೀಕ್ಷಿಸಿದರು. ಸೊಂಟಮಟ್ಟದ ನೀರಿನಲ್ಲಿ ದೋಣಿ, ಟವರ್ ತುದಿಯಲ್ಲಿ ಮೂರು ಚೀಲ ತೊಗರಿ. ದೋಣಿ ನೆಟ್ಟಗೆ ನಿಂತಿತು. ಗುತ್ತೇದಾರರು ತೆಂಗಿನಕಾಯಿ ಒಡೆದೇಬಿಟ್ಟರು. ಮರುದಿನವೇ ಉದ್ಘಾಟನೆ.

ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ವಾಪಸು ಹೋಗುವ ಆಸಾಮಿ ನಾನು. ತಡೆಯಲಾಗದೆ ಮೆಲ್ಲಗೆ ಅಂದೆ: "ಚೀಲ ಸುಮ್ನ ಕುಂದರ್ತಾವ್ರಿ. ಮಂದಿ ಕುಂದರ್ತಾರೇನು?"

"ಬಂದ್ರು ನೋಡ್ರಿ ಅಂಜುಬುರುಕ ಸಾಹೇಬ್ರು! ಬಕೀಟಿನ್ಯಾಗ ನೀರು ನೋಡಿದ್ರೂ ಈಜು ಬರಂಗಿಲ್ಲ ಅಂತಾರ" ಎಂದು ಗುತ್ತೇದಾರರು ನಕ್ಕರು. ಕೂಲಿಯವರೂ ನಕ್ಕರು. ನಾನೂ ನಕ್ಕೆ, ಅಭ್ಯಾಸ.

ಮಿಸ್ತ್ರಿ ನಗಲಿಲ್ಲ. ಚೀಲ ಇಳಿಸಿ, ಇಬ್ಬರು ಕೂಲಿಯವರೊಂದಿಗೆ ತಾವೇ ಮೇಲೇರಿದರು. ಏರಿದವರೇ, "ಏ, ಅಲ್ಲಿ ನೋಡ್ರಲೇ, ದಂಡಿ ಮ್ಯಾಗ ಹಾವು!" ಎಂದು ಕೈ ಚಾಚಿ ಕೂಗಿದರು. ದಂಡೆಯಲ್ಲಿ ಹಾವಿರಲಿಲ್ಲ, ಆದರೂ ಮೂವರೂ ಒಂದೇ ಕಡೆ ಬಾಗಿದರು. ಟವರ್ ವಾಲಿತು, ದೋಣಿಯ ಅಂಚು ನೀರು ಮುಟ್ಟಿತು, ಮರುಕ್ಷಣ ಮೂವರೂ ಕೆರೆಯಲ್ಲಿದ್ದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಮಿಸ್ತ್ರಿ ದೋಣಿಯನ್ನು ದಂಡೆಗೆ ಎಳೆಸಿ, ಒದ್ದೆ ಬಟ್ಟೆಯಲ್ಲೇ ಗ್ಯಾಸ್ ಕಟರ್ ಹಚ್ಚಿ ಟವರಿನ ಬುಡಕ್ಕೆ ಕೂತರು.

"ಏ, ಏನ್ ಮಾಡಾಕತ್ತಿ? ನಾಳೆ ಮಂದಿ ಬರ್ತಾರ!" ಗುತ್ತೇದಾರರು ಕಿರುಚಿದರು.

"ಅದಕ್ಕೇ ಕತ್ತರಿಸಾಕತ್ತೀನ್ರಿ ಸಾವ್ಕಾರ್ರ. ಭಾರ ಮ್ಯಾಲ ಹೋದಷ್ಟು ದೋಣಿ ಸಣ್ಣದಾಗ್ತದ. ಸರ ಹೇಳಿದ್ದು ಖರೇ ಅದ."

ನನ್ನ ಅಂಜಿಕೆಯನ್ನು ಒಬ್ಬರು ಮಾತೆಂದು ಕಿವಿಗೆ ಹಾಕಿಕೊಂಡಿದ್ದು ಅದೇ ಮೊದಲು. ಎದೆ ಉಬ್ಬಬೇಕಿತ್ತು. ನಾನು ಗುತ್ತೇದಾರರ ಮುಖ ನೋಡಿ, ಆಮೇಲೆ ನೆಲ ನೋಡಿದೆ.

ಮಿಸ್ತ್ರಿಯ ಕೆಲಸವೇ ಕಚ್ಚಾ, ಅದಕ್ಕೇ ದೋಣಿ ವಾಲಿತು ಎಂದು ಗುತ್ತೇದಾರರು ಊರೆಲ್ಲ ಹೇಳಿದರು. ಕಮಲಾಪುರದ ಮಾಳಿಗೆಗಳಿಗೆ ಬೇರೆಯವರ ಸ್ಟ್ಯಾಂಡುಗಳು ಏರತೊಡಗಿದವು. ಒಂದು ದಿನ ಮಿಸ್ತ್ರಿ ನಮ್ಮ ಆಫೀಸಿನ ಮೆಟ್ಟಿಲ ತನಕ ಬಂದು ಕೇಳಿದರು: "ಸರ, ನೀವು ಕಣ್ಣಾರೆ ನೋಡೀರಿ. ಬೆಸುಗಿ ಒಂದೂ ಬಿಟ್ಟಿರಲಿಲ್ಲ ಅಂತ ನಾಕು ಮಂದಿ ಮುಂದ ಒಂದು ಮಾತು ಹೇಳ್ರಿ."

"ನೋಡೋಣ್ರಿ" ಎಂದೆ. ಎಲ್ಲೂ ಹೇಳಲಿಲ್ಲ. ನೌಕರಿ ಹೋದೀತೆಂಬ ಅಂಜಿಕೆ... ಅದಕ್ಕೆ ಮಾತ್ರ ಯಾರೂ ನಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಮೊನ್ನೆ ಭಾನುವಾರ ಕಮಲಾಪುರಕ್ಕೆ ಹೋದೆ. ಮಿಸ್ತ್ರಿ ತೀರಿಕೊಂಡು ಎರಡು ವರ್ಷವಾಯಿತೆಂದು ಅವರ ಹೆಂಡತಿ ಹೇಳಿದರು. ನಾನು ಯಾರೆಂದು ತಿಳಿಸಿದೆ. ಅವರು ಚಾಪೆ ಹಾಸಿ ನನ್ನನ್ನು ಕೂರಿಸಿ, ತಾವೂ ಎದುರಿಗೆ ಕೂತರು.

"ಆ ದಿನ ನೀವು ಅಲ್ಲೇ ಇದ್ರೇನ್ರಿ?"

"ಇದ್ದೆ. ಅವರ ಕೆಲಸದಾಗ ತಪ್ಪಿರಲಿಲ್ರಿ. ದೋಣಿನೇ ಸಣ್ಣದಿತ್ತು."

ಅವರು ಅಳಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಓಣಿಯತ್ತ ಕೂಗಿದರು: "ಅಕ್ಕಾ, ಇತ್ಲಾಗ ಬರ್ರಿ. ಅಣ್ಣಾರನ್ನೂ ಕರೀರಿ." ಐದಾರು ಜನ ಬಂದು ಹೊಸ್ತಿಲ ಸುತ್ತ ನಿಂತರು.

"ಈಗ ಹೇಳ್ರಿ" ಎಂದರು ನನಗೆ.

ಎದ್ದು ನಿಂತು ಮೊದಲಿನಿಂದ ಹೇಳಿದೆ. ಕೇಳಬೇಕಾಗಿದ್ದ ಒಬ್ಬರನ್ನು ಬಿಟ್ಟು ಎಲ್ಲರೂ ಕೇಳಿಸಿಕೊಂಡರು.