ಸ್ಟೂಲಕ್ಕ ಓದುವ ಪಟ್ಟಿ

ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಹೆಂಗಸನ್ನು ಊರೆಲ್ಲ ಕರೆಯುವುದು ಸ್ಟೂಲಕ್ಕ ಅಂತಲೇ. ಅದಕ್ಕೆ ಕಾರಣ ಕೋರ್ಟಿನ ಜವಾನ. ಏಣಿ ಹಾಕಿಕೊಂಡು ಮಾತಾಡಿಸಬೇಕಾದ ಆಸಾಮಿ ಅವನು. ದಿನದ ಕೇಸುಗಳ ಪಟ್ಟಿಯನ್ನು ತನ್ನ ಕಣ್ಣಿನ ಎತ್ತರಕ್ಕೇ ಗೋಡೆಗೆ ಅಂಟಿಸುತ್ತಿದ್ದ. 'ಸಾರ್ವಜನಿಕರ ಮಾಹಿತಿಗಾಗಿ' ಅಂತ ಮೇಲೆ ದಪ್ಪಕ್ಷರ ಬೇರೆ. ಸಾರ್ವಜನಿಕರು ಕೆಳಗೆ ನಿಂತು ಕೊಕ್ಕರೆಗಳ ಹಾಗೆ ಕತ್ತು ಚಾಚಿದ್ದೇ ಬಂತು.

ಹತ್ತು ವರ್ಷದ ಹಿಂದೆ ಒಂದು ದಿನ ಅಕ್ಕನಿಗೆ ರೇಗಿ, ಅಂಗಡಿಯ ಸ್ಟೂಲು ತಂದು, ಮೇಲೆ ಹತ್ತಿ, ಇಡೀ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಕಳ್ಳತನವಿರಲಿ, ಗಂಡ-ಹೆಂಡಿರ ಜಗಳವಿರಲಿ, ವಕೀಲರೇ ಕೈಮುಗಿದರೂ ಒಂದು ಹೆಸರು ನುಂಗಿದವಳಲ್ಲ.

ಮೊನ್ನೆ ಬೆಳಿಗ್ಗೆ ಜವಾನನೇ ಬಾಲ ಮುದುರಿಕೊಂಡು ಅಂಗಡಿಗೆ ಬಂದ.

"ಅಕ್ಕಾ, ಇವತ್ತು ಹದಿನೇಳನೇ ನಂಬರ್ ಒಂದು ಬಿಟ್ಬಿಡಿ. ನಮ್ಮತ್ತೆ ನನ್ಮೇಲೆ ಕೇಸ್ ಹಾಕಿದಾರೆ, ಅವರ ಮನೆ ಖಾಲಿ ಮಾಡು ಅಂತ. ಮಾನ ಹೋಗತ್ತೆ."

"ಅಷ್ಟೆತ್ತರಕ್ಕೆ ಅಂಟಿಸಿದೀಯಲ್ಲೋ ಮಾರಾಯ, ಅಲ್ಲಿಗೆ ಯಾರ ಕಣ್ಣು ಹೋಗತ್ತೆ?" ಅಂದಳು ಅಕ್ಕ, ಸ್ಟೂಲು ಎತ್ತಿಕೊಳ್ಳುತ್ತ.

ಹದಿನೇಳನೆಯದನ್ನೂ ಉಳಿದವುಗಳ ಹಾಗೇ ಓದಿದಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಜವಾನ ಕಂಬದ ಹಿಂದೆ ಮಂಡಿ ಮಡಚಿ, ಜನ್ಮದಲ್ಲಿ ಮೊದಲ ಸಲ ಕುಳ್ಳನಾಗಲು ನೋಡಿದ.

ಆಗ ಗುಂಪಿನ ಹಿಂದಿನಿಂದ ಒಂದು ಅಜ್ಜಿಯ ದನಿ ಬಂತು: "ನಮ್ಮ ಅಳಿಯಂದ್ರ ಹೆಸರು ಸರಿಯಾಗಿ ಕೇಳಿಸ್ಲಿಲ್ಲ ಕಣಮ್ಮ, ಇನ್ನೊಂದ್ಸಲ ಓದು!"